ಮೂತ್ರಪಿಂಡ ರೋಗಿಯ ನಡಿಗೆ ಮತ್ತು ಊಟ

ಬಹುಕಾಲದ ರೋಗದಿಂದ ಮೂತ್ರಪಿಂಡಗಳು ಬಳಲಿದಾಗ ರಕ್ತದ ಕಶ್ಮಲಗಳು ದೇಹದಲ್ಲಿಯೇ ಉಳಿಯುತ್ತವೆ. ಉತ್ಕರ್ಷಣಕಾರಿ ಅಣುಗಳು ಹೆಚ್ಚಿ ಜೀವಕೋಶಗಳನ್ನು ಘಾಸಿಗೊಳಿಸುತ್ತವೆ. ಇದುವೇ ಉತ್ಕರ್ಷಣ ಒತ್ತಡ. ಶಕ್ತ್ಯನುಸಾರ ವಾರಕ್ಕೆ ಒಟ್ಟು 150 ನಿಮಿಷಗಳ ನಡಿಗೆ ಇದನ್ನು ತಗ್ಗಿಸಲು ಸಹಾಯಕ. ಉಪ್ಪು ದಿನಕ್ಕೆ 5 ಗ್ರಾಂ ಮೀರಕೂಡದು. ಉಪ್ಪಿನಕಾಯಿ, ಹಪ್ಪಳಗಳೂ ಈ ಲೆಕ್ಕಕ್ಕೆ ಸೇರಿದವೇ.

ಹಣ್ಣು-ಸೊಪ್ಪುಗಳೂ ಈ ಒತ್ತಡವನ್ನು ತಡೆಯಬಲ್ಲವು. ಆದರೆ ಶಿರಾಳಕೊಪ್ಪದ ಸೀಮೆಯಂತಹ ಗದ್ದೆ-ತೋಟಗಳ ನಾಡಿನಲ್ಲಿ ಎಚ್ಚರ ಬೇಕು. ರೋಗ ಬಲಿತವರಲ್ಲಿ ಬಾಳೆಹಣ್ಣು, ಎಳನೀರುಗಳ ಪೊಟ್ಯಾಸಿಯಂ ರಕ್ತದಲ್ಲಿ ನಿಂತು ಹೃದಯದ ಬಡಿತವನ್ನೇ ಕೆಡಿಸಬಲ್ಲುದು. ಕಮರಾಕ್ಷಿಯನ್ನಂತೂ ಮುಟ್ಟಲೇಬಾರದು. ರಕ್ತಪರೀಕ್ಷೆಯನ್ನು ನೋಡಿ ವೈದ್ಯರು ಪಥ್ಯವನ್ನು ಗೊತ್ತುಪಡಿಸಬೇಕು. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದರೆ ಪೊಟ್ಯಾಸಿಯಂ ತಗ್ಗುತ್ತದೆ. ಬಸಿದ ನೀರಿನಿಂದಲೇ ಸಾರು ಮಾಡಿ ಬಡಿಸಿದರೆ ಬಸಿದ ಶ್ರಮವೆಲ್ಲ ವ್ಯರ್ಥ.