ಡಿ ಡ್ರೈವ್ ಜತೆ ಹೋದ ಆಟ

ಶಿರ್ತಾಡಿಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಸಿ ಡ್ರೈವ್ ತುಂಬಿ ಕೆಂಪಾಗಿ ತಿಂಗಳಾಗಿತ್ತು. ಕೊಳ್ಳುವಾಗಲೇ 500 ಜಿಬಿ ಡಿಸ್ಕನ್ನು ಪಾಲು ಮಾಡಿ ವಿಂಡೋಸಿಗೆ 100, ಮಿಕ್ಕದ್ದು ಡಿಗೆ ಅಂತ ಇಟ್ಟಿದ್ದರು. ಡಿಯಲ್ಲಿದ್ದದ್ದು 25 ಜಿಬಿಯಷ್ಟು: ಮದುವೆ ಫೋಟೋ, ಅಡಿಕೆ ಲೆಕ್ಕ, ನುಡಿಯಲ್ಲಿ ಟೈಪಿಸಿದ ಯುವಕ ಮಂಡಲದ ವರದಿಗಳು, ಮತ್ತೆ ನಮ್ಮ ಮನೆಯವರು ಆಡಿಸಿದ ಯಕ್ಷಗಾನ ಆಟದ ವಿಡಿಯೋ. ಎರಡನ್ನೂ ಒಂದು ಮಾಡುವುದೇನು ಮಹಾ ಅಂದುಕೊಂಡೆ.

ಗದ್ದೆಯ ಹುಣಿ ಕಡಿದ ಹಾಗಲ್ಲ ಇದು. ವಿಂಡೋಸಿನಲ್ಲಿ ಜೋಡಿಸು ಎಂಬ ಗುಂಡಿಯೇ ಇಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ 'ಎಕ್ಸ್‌ಟೆಂಡ್ ವಾಲ್ಯೂಮ್' ಕಾಣುತ್ತದೆ, ಒತ್ತಲಾಗದಂತೆ ಮಂಕಾಗಿ. ಅದು ಎಚ್ಚರಗೊಳ್ಳಬೇಕಾದರೆ ಡಿಯನ್ನು ಅಳಿಸಿ ಖಾಲಿ ಜಾಗ ಮಾಡಬೇಕು. ಆ ಜಾಗ ಸಿಯ ಬಲಬದಿಗೆ ತಾಗಿಕೊಂಡೇ ಇರಬೇಕು. ಡಿಯಲ್ಲಿದ್ದದ್ದನ್ನು ಮೊದಲೇ ಬೇರೆ ಕಡೆ ಸಾಗಿಸದಿದ್ದರೆ ಎಲ್ಲ ಹೋದಂತೆ.

ಸಾಗಿಸಿದೆ, 32 ಜಿಬಿಯ ಪೆನ್‌ಡ್ರೈವಿಗೆ. ನಡುವೆ ಒಂದು ಫೈಲ್ ತುಂಬಾ ದೊಡ್ಡದಾಯಿತು ಎಂಬ ಸಂದೇಶ ಬಂತು. ಪೆನ್‌ಡ್ರೈವಿನಲ್ಲಿ ಜಾಗ ಧಾರಾಳ ಇತ್ತು. ಏನೋ ತರಲೆ ಅಂತ 'ಸ್ಕಿಪ್' ಒತ್ತಿದೆ. ಅದು ಫ್ಯಾಟ್32 ಮಾದರಿಯ ಪೆನ್‌ಡ್ರೈವ್. ಎಷ್ಟೇ ಜಾಗ ಇರಲಿ, 4 ಜಿಬಿ ಮುಟ್ಟಿದ ಒಂಟಿ ಫೈಲನ್ನು ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎರಡೂ ಕಡೆ ಪ್ರಾಪರ್ಟೀಸ್ ತೆರೆದು ಫೈಲುಗಳನ್ನು ಎಣಿಸಿದ್ದರೆ ಒಂದು ಕಡಿಮೆ ಅಂತ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು.

ಡಿ ಅಳಿಸಿದೆ. ಎಕ್ಸ್‌ಟೆಂಡ್ ಇನ್ನೂ ಮಂಕು! ನೋಡಿದರೆ ಸಿ ಮತ್ತು ಖಾಲಿ ಜಾಗದ ನಡುವೆ 500 ಎಂಬಿಯ ರಿಕವರಿ ಪಾರ್ಟಿಶನ್, ಕಿರಿದಾದ ಪಟ್ಟಿ. ನಮ್ಮ ಎರಡು ಗದ್ದೆಗಳ ಮಧ್ಯೆ ಬೇರೆಯವರ ಒಂದು ಸೆಂಟ್ಸ್ ಇದ್ದ ಹಾಗೆ. ಇನ್ನೊಂದು ಪೆನ್‌ಡ್ರೈವಿನಿಂದ ಪಾರ್ಟಿಶನ್ ಸರಿಸುವ ಜಿಪಾರ್ಟೆಡ್ ತಂತ್ರಾಂಶ ಹಾಕಿ ಆ ಪಟ್ಟಿಯನ್ನು ಬಲಕ್ಕೆ, ಡಿಸ್ಕಿನ ಕೊನೆಗೆ ಸರಿಸಿದೆ. ಆಟಿಯ ಮಳೆ, ಕರೆಂಟಿನ ನಂಬಿಕೆ ಇಲ್ಲ. ಇನ್ವರ್ಟರ್ ಕಡೆಗೇ ಕಣ್ಣು. ಸಿ ಹಿಗ್ಗಿತು, ಕೆಂಪು ಹೋಯಿತು, ನಾನೂ ಹಿಗ್ಗಿದೆ.

ನವರಾತ್ರಿಗೆ ಅಮ್ಮ ಕೇಳಿದರು, "ನಮ್ಮ ಮನೆಯ ಆಟ ಒಮ್ಮೆ ಹಾಕು ಮಗಾ." ವರ್ಷಗಟ್ಟಲೆ ಸರದಿ ಕಾದು ಆಡಿಸಿದ ಹರಕೆಯಾಟ, ಕಟೀಲು ಮೇಳದ ದೇವಿ ಮಹಾತ್ಮೆ. ಚೌಕಿಯಲ್ಲಿ ಆರತಿ ತಟ್ಟೆ ಹಿಡಿದು ನಿಂತ ಅಪ್ಪ ಇದ್ದದ್ದು ಅದೊಂದರಲ್ಲೇ. ಆರು ಜಿಬಿಯ ಒಂದೇ ಫೈಲ್.

ಡಿ ಅಳಿಸಿದ ಮೇಲೆ ಡಿಸ್ಕನ್ನು ಮುಟ್ಟದೆ ಬಿಟ್ಟಿದ್ದರೆ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶದಿಂದ ಇಡೀ ಡಿ ಮರಳಿ ಸಿಗುವ ಸಾಧ್ಯತೆ ಇತ್ತು. ಅಷ್ಟರಲ್ಲಿ ಆ ಜಾಗದ ಮೇಲೆ ಎರಡು ತಿಂಗಳ ಅಪ್‌ಡೇಟುಗಳು ಕೂತಿದ್ದವು. ವಿಡಿಯೋ ಮಾಡಿದವನೂ ತನ್ನ ಪ್ರತಿಯನ್ನು ಎಂದೋ ಅಳಿಸಿದ್ದ.

ಕೊನೆಗೆ ಮುಂಬಯಿಯ ದೊಡ್ಡಮ್ಮನ ಮನೆಯಲ್ಲಿ ಎರಡು ಡಿವಿಡಿ ಸಿಕ್ಕವು. ಎರಡನೆಯದು ಬೂಸ್ಟು ಹಿಡಿದು ಓದುವುದಿಲ್ಲ. ಮೊದಲನೆಯದರಲ್ಲಿ ಚೌಕಿ ಪೂಜೆ ಇದೆ, ಅಪ್ಪ ಇದ್ದಾರೆ. ಆಮೇಲೆ ದೊಂದಿ ಬೆಳಕಲ್ಲಿ ಮಹಿಷಾಸುರ ಜನರ ಮಧ್ಯದಿಂದ ಕೂಗುತ್ತಾ ಬರುತ್ತಾನೆ, ರಂಗಸ್ಥಳ ಮುಟ್ಟುವ ಮೊದಲೇ ಚಿತ್ರ ನಿಲ್ಲುತ್ತದೆ. ಅಮ್ಮ ಅಷ್ಟು ನೋಡಿ ಎದ್ದು ಒಳಗೆ ಹೋಗುತ್ತಾರೆ.