ಕೆಳಗೆ 18 ಡಿಗ್ರಿ, ಮೇಲೆ ಎಷ್ಟು? ಚಳಿಗಾಲದ ಮರುಭೂಮಿ ಬೆಟ್ಟದ ಲೆಕ್ಕ

ಮರುಭೂಮಿ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಬಿಸಿಲು, ಮರಳು, ಒಂಟೆ. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ಅಂದ್ರೆ ಕೇಳೋದೇ ಬೇಡ. 1913ರ ಜುಲೈ 10ರಂದು ಅಲ್ಲಿ ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ಇವತ್ತಿಗೂ ಪ್ರಪಂಚದ ಅಧಿಕೃತ ದಾಖಲೆ. ಆದರೆ ಅದೇ ಕಣಿವೆಯ ಪಶ್ಚಿಮಕ್ಕೆ ಪನಾಮಿಂಟ್ ಬೆಟ್ಟಸಾಲು ಇದೆ. ಅದರ ಅತಿ ಎತ್ತರದ ತುದಿ ಟೆಲಿಸ್ಕೋಪ್ ಪೀಕ್, 3,366 ಮೀಟರ್. ಕಣಿವೆಯ ತಳ ಬ್ಯಾಡ್‌ವಾಟರ್ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಎರಡರ ನಡುವೆ ಸುಮಾರು 3,450 ಮೀಟರ್ ವ್ಯತ್ಯಾಸ. ನಮ್ಮ ಮುಳ್ಳಯ್ಯನಗಿರಿಯ ಒಟ್ಟು ಎತ್ತರವೇ 1,930!

ಎಂಎಸ್ ಮಾಡೋಕೆ ಕ್ಯಾಲಿಫೋರ್ನಿಯಾಗೆ ಹೋಗಿರೋ ಸೀನಿಯರ್ ಅಕ್ಕ ಒಬ್ಬರು ಕ್ಲಬ್ ಗ್ರೂಪಲ್ಲಿ ಕೇಳಿದ್ರು: "ಕ್ರಿಸ್‌ಮಸ್ ರಜೆಯಲ್ಲಿ ಟೆಲಿಸ್ಕೋಪ್ ಪೀಕ್ ಹತ್ತೋಣ ಅಂತಿದ್ದೀವಿ. ಕೆಳಗೆ 18 ಡಿಗ್ರಿ ತೋರಿಸ್ತಿದೆ. ಒಂದು ಜಾಕೆಟ್ ಸಾಕಲ್ವಾ?" ನಾವು ಯಾರೂ ಆ ಬೆಟ್ಟ ನೋಡಿದವರಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಮೊದಲ ವರ್ಷದ ಫಿಸಿಕ್ಸ್‌ನಲ್ಲೇ ಸಿಗುತ್ತೆ.

ಮೊದಲು ತಾಪಮಾನ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ ಗಾಳಿ ಹಿಗ್ಗುತ್ತದೆ, ಹಿಗ್ಗಿದಾಗ ತಣ್ಣಗಾಗುತ್ತದೆ. ಸರಾಸರಿ ಲೆಕ್ಕ ಕಿಲೋಮೀಟರಿಗೆ 6.5 ಡಿಗ್ರಿ. ಹಾಗೆ ಹಾಕಿದರೆ ತುದಿಯಲ್ಲಿ ಮೈನಸ್ 4 ಬರುತ್ತೆ. ಆದರೆ ಒಣಗಾಳಿ ಮೇಲೇರುವಾಗ ಕಿಲೋಮೀಟರಿಗೆ 9.8 ಡಿಗ್ರಿ ಕಳೆದುಕೊಳ್ಳುತ್ತೆ. ಆ ಲೆಕ್ಕದಲ್ಲಿ ಮೈನಸ್ 16! ನಿಜವಾದ ಉತ್ತರ ಸಾಮಾನ್ಯವಾಗಿ ಇವೆರಡರ ಮಧ್ಯೆ ಎಲ್ಲೋ ಇರುತ್ತೆ. ಇಲ್ಲೊಂದು ಗಮನಿಸಬೇಕಾದ ವಿಷಯ ಇದೆ. ಗಾಳಿಯಿಲ್ಲದ ಸ್ವಚ್ಛ ರಾತ್ರಿಗಳಲ್ಲಿ ತಣ್ಣನೆ ಗಾಳಿ ಕಣಿವೆಗೆ ಇಳಿದು ಕೂರುತ್ತೆ, ಆಗ ಮೇಲಿಗೂ ಕೆಳಗೂ ಅಷ್ಟು ವ್ಯತ್ಯಾಸ ಇರಲ್ಲ. ಗಾಳಿ ಜೋರಾಗಿ ಬೀಸುವ ದಿನ ಎಲ್ಲವೂ ಕಲಸಿಹೋಗಿ ವ್ಯತ್ಯಾಸ 9.8ರ ಕಡೆಗೆ ವಾಲುತ್ತದೆ. ಹವಾಮಾನ ಚೆನ್ನಾಗಿದ್ದ ದಿನದ ಅನುಭವ ಕೆಟ್ಟ ದಿನಕ್ಕೆ ಉಪಯೋಗಕ್ಕೆ ಬರದಿರೋದು ಇದಕ್ಕೇ.

ಈಗ ಗಾಳಿ ಸೇರಿಸೋಣ. ಮೈನಸ್ 10 ಡಿಗ್ರಿ, ಗಂಟೆಗೆ 60 ಕಿ.ಮೀ. ಗಾಳಿ ಅಂತ ಇಟ್ಕೊಳ್ಳಿ. ಅಮೆರಿಕ ಮತ್ತು ಕೆನಡಾ 2001ರಿಂದ ಬಳಸುತ್ತಿರುವ ವಿಂಡ್ ಚಿಲ್ ಸೂತ್ರಕ್ಕೆ ಹಾಕಿದರೆ ಮೈಗೆ ಅದು ಮೈನಸ್ 23ರಂತೆ ತಾಗುತ್ತದೆ. ಇದರರ್ಥ ಬಾಟಲಿಯ ನೀರೂ ಮೈನಸ್ 23ಕ್ಕೆ ಇಳಿಯುತ್ತೆ ಅಂತ ಅಲ್ಲ, ಅದು ಮೈನಸ್ 10ರಲ್ಲೇ ನಿಲ್ಲುತ್ತದೆ. ಗಾಳಿ ಮಾಡೋದು ನಮ್ಮ ದೇಹದ ಶಾಖವನ್ನು ಬೇಗ ಕಸಿಯುವ ಕೆಲಸ. ಇನ್ನು ಗಾಳಿಯ ತಳ್ಳುವ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತೆ. 30 ಇದ್ದದ್ದು 60 ಆದರೆ ಬಲ ನಾಲ್ಕು ಪಟ್ಟು. ಬೋಳು ಏಣಿನ ಮೇಲೆ, ಮರದ ಮರೆ ಇಲ್ಲದ ಕಡೆ, ಇದನ್ನು ನೆನಪಿಡಬೇಕು. ಆಕಾಶದಲ್ಲಿ ತಟ್ಟೆ ಮಗುಚಿಟ್ಟ ಹಾಗೆ ನಯವಾದ ಮೋಡ ಒಂದೇ ಕಡೆ ನಿಂತಿದ್ದರೆ ಮೇಲೆ ಗಾಳಿ ಜೋರಾಗಿದೆ ಅಂತ ಅರ್ಥ. ಫೋಟೋಗೆ ಮಾತ್ರ ಸೂಪರ್.

ಮರುಭೂಮಿಯಲ್ಲಿ ಹಿಮ ಎಲ್ಲಿಂದ ಬಂತು? ಪೆಸಿಫಿಕ್ ಸಾಗರದಿಂದ ಬರುವ ತೇವವನ್ನು ಸಿಯೆರಾ ನೆವಾಡ ಪರ್ವತಗಳು ಮೊದಲೇ ಹಿಂಡಿಕೊಳ್ಳುತ್ತವೆ. ಆಗುಂಬೆಗೂ ಚಿತ್ರದುರ್ಗಕ್ಕೂ ಇರುವ ಸಂಬಂಧವೇ ಇಲ್ಲೂ. ಹಾಗಾಗಿ ಕಣಿವೆಗೆ ವರ್ಷಕ್ಕೆ ಸಿಗೋದು ಬರೀ 50-60 ಮಿಲಿಮೀಟರ್ ಮಳೆ. ಆದರೂ ಚಳಿಗಾಲದ ದೊಡ್ಡ ಬಿರುಗಾಳಿಗಳು ಸಿಯೆರಾ ದಾಟಿ ಬರುತ್ತವೆ, ಪನಾಮಿಂಟ್ ಸಾಲು ಅವನ್ನು ಮತ್ತೆ ಮೇಲಕ್ಕೆತ್ತುತ್ತೆ, ಹಿಮ ಬೀಳುತ್ತೆ. ಹಗಲು ಸ್ವಲ್ಪ ಕರಗಿ ರಾತ್ರಿ ಮತ್ತೆ ಗಟ್ಟಿಯಾದ ಹಿಮ ಗಾಜಿನಂತಾಗುತ್ತೆ. ಅಂಥ ಇಳಿಜಾರಲ್ಲಿ ಸ್ಪೋರ್ಟ್ಸ್ ಶೂ ಹಿಡಿತವೇ ಕೊಡಲ್ಲ. ಬೂಟಿಗೆ ಕಟ್ಟುವ ಮುಳ್ಳುಗಳು, ಅಂದರೆ ಕ್ರ್ಯಾಂಪಾನ್, ಜಾರಿದರೆ ತಡೆಯೋಕೆ ಐಸ್ ಆಕ್ಸ್, ಎರಡೂ ಬೇಕಾಗಬಹುದು. ಬಳಸೋದು ಮೊದಲೇ ಕಲಿತಿರಬೇಕು, ಕೈಯಲ್ಲಿ ಹಿಡಿದುಕೊಂಡ ಮಾತ್ರಕ್ಕೆ ಅದು ನಿಲ್ಲಿಸಲ್ಲ.

ಕಾಟನ್ ಬಟ್ಟೆ ಬೇಡ, ಬೆವರು ಹಿಡಿದಿಟ್ಟು ತಣ್ಣಗಾಗುತ್ತೆ. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡಿ, ಮಂಜುಗಟ್ಟೋದು ಮೇಲಿನಿಂದ, ಹಾಗಾಗಿ ಮುಚ್ಚಳದ ಕಡೆ ಕಟ್ಟಿಕೊಳ್ಳಲ್ಲ.

ನಮ್ಮನ್ನು ನಿಜವಾಗಿ ಹೆದರಿಸಿದ್ದು ಸಮಯದ ಲೆಕ್ಕ. ಬೇಸಿಗೆಯಲ್ಲಿ ಮಹೋಗನಿ ಫ್ಲಾಟ್‌ನಿಂದ ಹೋಗಿ ಬರೋದು 22 ಕಿ.ಮೀ. ಹಿಮ ಬಿದ್ದಾಗ ಕಾರು ಅಲ್ಲಿಗೆ ಹತ್ತದೆ, 1870ರ ದಶಕದ ಇದ್ದಿಲು ಗೂಡುಗಳ ಹತ್ತಿರವೇ ನಿಲ್ಲಿಸಬೇಕಾಗಬಹುದು. ಆಗ ಒಟ್ಟು ಸುಮಾರು 27 ಕಿ.ಮೀ., ಏರಿಕೆ 1,300 ಮೀಟರ್. 1892ರಲ್ಲಿ ಸ್ಕಾಟ್ಲೆಂಡಿನ ನೇಸ್ಮಿತ್ ಕೊಟ್ಟ ನಿಯಮ ಹೀಗಿದೆ: 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಹತ್ತೋಕೆ 4.9 ಗಂಟೆ, ಇಳಿಯೋಕೆ 2.7. ಹಿಮಕ್ಕೆ ಅಂತ ಒಂದೂವರೆ ಪಟ್ಟು ಮಾಡಿದೆವು (ಇದು ನಮ್ಮ ಅಂದಾಜು, ಆಳ ಹಿಮದಲ್ಲಿ ಇನ್ನೂ ಜಾಸ್ತಿ). ಒಟ್ಟು 11.4 ಗಂಟೆ. ಡಿಸೆಂಬರಿನಲ್ಲಿ ಬೆಳಕು ಇರೋದು ಸುಮಾರು ಒಂಬತ್ತೂವರೆ ಗಂಟೆ.

ಹಾಗಾದರೆ ಬೆಳಗ್ಗೆ 7ಕ್ಕೆ ಹೊರಟವರು ಎಷ್ಟು ಹೊತ್ತಿಗೆ ತಿರುಗಬೇಕು? ಹತ್ತಿದ ಪ್ರತಿ ಗಂಟೆಗೆ ಇಳಿಯೋಕೆ 33 ನಿಮಿಷ ಬೇಕು. ವಿಶ್ರಾಂತಿ, ಎಡವಟ್ಟು ಅಂತ ಒಂದು ಗಂಟೆ ತೆಗೆದಿಟ್ಟರೆ ಉತ್ತರ ಮಧ್ಯಾಹ್ನ 12:30. ತುದಿ ತಲುಪೋದು 2:20ಕ್ಕೆ. ಅಂದರೆ ಈ ಪ್ಲಾನ್‌ನಲ್ಲಿ ತುದಿ ಸಿಗೋದೇ ಇಲ್ಲ. 12:30ಕ್ಕೆ ಅದು ಎದುರಿಗೇ ಕಾಣಿಸುತ್ತಾ ಇರಬಹುದು, "ಇನ್ನೊಂದು ಸ್ವಲ್ಪ ಅಷ್ಟೇ" ಅಂತ ಯಾರೋ ಒಬ್ಬರು ಹೇಳೇ ಹೇಳ್ತಾರೆ. ಅದಕ್ಕೇ ತಿರುಗುವ ಸಮಯವನ್ನು ಹಿಂದಿನ ರಾತ್ರಿಯೇ, ಬೆಚ್ಚಗೆ ಕೂತಾಗ, ಬರೆದಿಡಬೇಕು. ಅಲ್ಲಿ ಬಹಳ ಕಡೆ ಮೊಬೈಲ್ ಸಿಗ್ನಲ್ ಇರಲ್ಲ, ಆದ್ದರಿಂದ ಆ ಸಮಯ ಊರಲ್ಲಿ ಉಳಿದ ಒಬ್ಬರಿಗೂ ಗೊತ್ತಿರಲಿ.

ಅಕ್ಕನಿಗೆ ನಾವು ಕಳಿಸಿದ ಉತ್ತರದಲ್ಲಿ ಇನ್ನೊಂದು ಹೆಸರೂ ಇತ್ತು: ವೈಲ್ಡ್‌ರೋಸ್ ಪೀಕ್, 2,763 ಮೀಟರ್. ಅದೇ ಇದ್ದಿಲು ಗೂಡುಗಳಿಂದ ಶುರು, ಹೋಗಿ ಬರೋಕೆ ಸುಮಾರು 13.5 ಕಿ.ಮೀ. ಅದೇ ನಿಯಮ, ಅದೇ ಒಂದೂವರೆ ಪಟ್ಟು ಹಾಕಿದರೆ ಆರು ಗಂಟೆಯೊಳಗೆ ಮುಗಿಯುತ್ತೆ. ಗಾಳಿ ಅಲ್ಲೂ ಇರುತ್ತೆ, ರಸ್ತೆ ತೆರೆದಿದೆಯಾ ಅಂತ ರೇಂಜರ್ ಕಚೇರಿಯಲ್ಲಿ ಹೊರಡುವ ಮುಂಚೆ ಕೇಳಲೇಬೇಕು.