ಶಿಲಾರಸದ ಗುಣಗಳೂ ಜ್ವಾಲಾಮುಖಿಗಳ ಸ್ವಭಾವವೂ

೧. ಪೀಠಿಕೆ.— ಬೆಂಗಳೂರಿನ ಹೊರವಲಯದ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಗಳಲ್ಲಿ ಹೊಲಗಳಿದ್ದ ನೆಲದ ಮೇಲೆ ಕಾರ್ಖಾನೆಗಳು ಎದ್ದು ನಿಂತಿರುವುವು. ಮೇಲಿನ ನೋಟವು ಬದಲಾದರೂ ಕೆಳಗಿನ ಬಂಡೆಯು ಬದಲಾಗಿಲ್ಲ. ಈ ಸೀಮೆಯಲ್ಲಿ ಭಾವಿ ತೋಡಿಸುವವರಿಗೆ ಮುಖ್ಯವಾಗಿ ಎರಡು ಬಗೆಯ ಕಲ್ಲು ಸಿಕ್ಕುವುದು. ಪಟ್ಟೆಪಟ್ಟೆಯಾದ ಬಿಳಿಕಲ್ಲು ಒಂದು. ಅದರ ನಡುವೆ ಗೋಡೆಯಂತೆ ಹಾದುಹೋಗಿರುವ ಕರಿಕಲ್ಲು ಮತ್ತೊಂದು. ವಿಜಯಪುರ, ಕಲಬುರಗಿಗಳ ಕಡೆ ಹೋದರೆ ಎರೆಭೂಮಿಯೂ ಅದರಡಿಯಲ್ಲಿ ಪದರಪದರವಾದ ಕಪ್ಪು ಬಂಡೆಯೂ ಕಾಣುವುವು. ಇವೆಲ್ಲಕ್ಕೂ ಮೂಲವು ಭೂಗರ್ಭದಲ್ಲಿ ಕರಗಿದ ಕಲ್ಲು, ಎಂದರೆ ಶಿಲಾರಸ. ಅದರ ಗುಣವನ್ನು ಅರಿತವನು ತನ್ನ ಮಣ್ಣನ್ನೂ ತನ್ನ ಭಾವಿಯ ಸ್ಥಳವನ್ನೂ ಸರಿಯಾಗಿ ಅರಿಯಬಲ್ಲನು.

೨. ಶಿಲಾರಸದ ಮೂರು ಗುಣಗಳು.— ಜ್ವಾಲಾಮುಖಿಯು ಶಾಂತವಾಗಿ ಹರಿಯುವುದೋ ಸಿಡಿದು ಹಾರುವುದೋ ಎಂಬುದು ಮುಖ್ಯವಾಗಿ ಮೂರು ಸಂಗತಿಗಳನ್ನು ಅವಲಂಬಿಸಿದೆ. ಮೊದಲನೆಯದು ಸಿಲಿಕ. ಬೆಣಚುಕಲ್ಲು ಇದರಿಂದಲೇ ಆದುದು. ಕರಿಕಲ್ಲಿನ ಜಾತಿಯ ರಸದಲ್ಲಿ ತೂಕಕ್ಕೆ ಸುಮಾರು ಅರ್ಧದಷ್ಟು ಸಿಲಿಕವಿರುವುದು. ಬಿಳಿಕಲ್ಲಿನ ಜಾತಿಯ ರಸದಲ್ಲಿ ಅದು ನೂರಕ್ಕೆ ೭೦ರಷ್ಟಾಗಬಹುದು. ಸಿಲಿಕವು ಹೆಚ್ಚಿದಷ್ಟೂ ರಸವು ಅಂಟಾಗುವುದು. ಎರಡನೆಯದು ಶಾಖ. ಮೊದಲ ಬಗೆಯ ರಸವು ೧,೦೦೦ದಿಂದ ೧,೨೦೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಹೊರಬರುವುದು. ಎರಡನೆಯದು ಸಾಮಾನ್ಯವಾಗಿ ೯೦೦ ಡಿಗ್ರಿಗೂ ಕಡಿಮೆ ಶಾಖದಲ್ಲಿರುವುದರಿಂದ ಇನ್ನಷ್ಟು ಮಂದವಾಗುವುದು. ಮೂರನೆಯದು ರಸದಲ್ಲಿ ಕರಗಿರುವ ನೀರಾವಿ ಮೊದಲಾದ ಅನಿಲಗಳು. ಆಳದಲ್ಲಿ ಒತ್ತಡವಿರುವವರೆಗೆ ಅವು ಅಡಗಿರುವುವು. ಗೋಲಿಸೋಡದ ಗೋಲಿಯನ್ನು ಒತ್ತಿದೊಡನೆ ಗುಳ್ಳೆಗಳು ಮೇಲೇಳುವಂತೆ, ರಸವು ಮೇಲೆ ಬಂದು ಒತ್ತಡವು ತಗ್ಗಿದೊಡನೆ ಅವು ಹೊರಬೀಳಲು ಯತ್ನಿಸುವುವು.

೩. ಅಡಿಗೆಯ ಮನೆಯ ದೃಷ್ಟಾಂತ.— ಒಲೆಯ ಮೇಲೆ ಅಂಬಲಿ ಕುದಿಯುವಾಗ ಆವಿಯು ಸುಲಭವಾಗಿ ಹೊರಟುಹೋಗುವುದು. ಅದೇ ರಾಗಿಹಿಟ್ಟು ಮುದ್ದೆಗೆ ಬೇಯುವಾಗ ಮಂದವಾಗಿ, ಆವಿಗೆ ದಾರಿಕೊಡದೆ ಉಬ್ಬಿ, ಕೊನೆಗೆ ಕೈಗೆ ಸಿಡಿಯುವುದು. ಹಿಟ್ಟೂ ನೀರೂ ಅವೇ. ಭೇದವು ಮಂದತೆಯಲ್ಲಿ ಮಾತ್ರ. ತೆಳುವಾದ ಶಿಲಾರಸವು ಅಂಬಲಿಯಂತೆ, ಅಂಟಾದುದು ಮುದ್ದೆಯಂತೆ ವರ್ತಿಸುವುದು. ಆದರೆ ಅಂಟಾದ ರಸದಲ್ಲಿಯೂ ಅನಿಲವು ಮೊದಲೇ ಸೋರಿಹೋಗಿದ್ದರೆ, ಅದು ಸಿಡಿಯದೆ ದಿಬ್ಬದಂತೆ ಮೆಲ್ಲನೆ ಉಬ್ಬಿ ನಿಲ್ಲುವುದುಂಟು.

೪. ಹರಿದ ರಸ.— ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ದಕ್ಷಿಣಾಪಥದಲ್ಲಿ ನೆಲದ ಬಿರುಕುಗಳಿಂದ ತೆಳುವಾದ ರಸವು ಮತ್ತೆ ಮತ್ತೆ ಉಕ್ಕಿ ಬಹುದೂರ ಹರಡಿತು. ಆ ಬಂಡೆಯು ಇಂದಿಗೂ ಸುಮಾರು ೫ ಲಕ್ಷ ಚದರ ಕಿಲೋಮೀಟರಿನಷ್ಟು ನೆಲವನ್ನು ಮುಚ್ಚಿದೆ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಅದರ ದಕ್ಷಿಣದ ಅಂಚು ಇದೆ. ಅದು ಶಿಥಿಲವಾಗಿ ಅಲ್ಲಿಯ ಎರೆಮಣ್ಣಿನ ಬಹುಭಾಗವು ಉಂಟಾಯಿತು. ಪ್ರತಿಯೊಂದು ಹರಿವಿನ ಮೇಲ್ಭಾಗದಲ್ಲಿ ಅನಿಲದ ಗುಳ್ಳೆಗಳು ಬಿಟ್ಟುಹೋದ ತೂತುಗಳಿರುವುವು. ಈ ಪದರಗಳು ಸವೆದು ಬಿರುಕುಬಿಟ್ಟಿರುವಲ್ಲಿಯೇ ಅಲ್ಲಿಯ ಭಾವಿಗಳಿಗೆ ನೀರು ದೊರೆಯುವುದು. ಇಂಥ ರಸವೇ ನೀರಿನೊಳಗೆ ಹೊರಟರೆ ಮೇಲ್ಮೈ ತಟ್ಟನೆ ಆರಿ ದಿಂಬಿನಾಕಾರ ತಾಳುವುದು. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ಅತ್ಯಂತ ಪುರಾತನವಾದ ಅಂಥ ಶಿಲೆಯನ್ನು ನೋಡಬಹುದು.

೫. ಸಿಡಿದ ರಸ.— ೧೮೮೩ರ ಆಗಸ್ಟಿನಲ್ಲಿ ಜಾವಾ, ಸುಮಾತ್ರಾಗಳ ನಡುವಣ ಕ್ರಕಟೋವ ದ್ವೀಪವು ಸಿಡಿಯಿತು. ಅದರಿಂದಲೂ ಅದು ಎಬ್ಬಿಸಿದ ಕಡಲಿನ ಅಲೆಗಳಿಂದಲೂ ೩೬,೦೦೦ಕ್ಕೂ ಹೆಚ್ಚು ಜನರು ಮಡಿದರು. ಸುಮಾರು ೭೪,೦೦೦ ವರ್ಷಗಳ ಹಿಂದೆ ಸುಮಾತ್ರಾದ ತೋಬಾ ಇದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಸಿಡಿಯಿತು; ಅದರ ಬೂದಿಯು ಗಾಳಿಯಲ್ಲಿ ಬಂದು ಆಂಧ್ರ ಪ್ರದೇಶದ ಜ್ವಾಲಾಪುರಂ ಗ್ರಾಮದ ನೆಲದಲ್ಲಿ ಇಂದಿಗೂ ಪದರವಾಗಿ ನಿಂತಿದೆ. ಈಗ ಭಾರತದಲ್ಲಿ ಜೀವಂತವಾಗಿರುವ ಜ್ವಾಲಾಮುಖಿಯು ಅಂಡಮಾನಿನ ಬ್ಯಾರನ್ ದ್ವೀಪದ್ದೊಂದೇ. ಮೈಸೂರು ಸೀಮೆಯಲ್ಲಿ ಅಂಥ ಭಯವಿಲ್ಲವೆಂದು ಗ್ರಾಮದ ಹಿರಿಯರು ಜನರಿಗೆ ತಿಳಿಯಹೇಳಬಹುದು.

೬. ಮೇಲೆ ಬಾರದೆ ನಿಂತ ರಸ.— ರಸವೆಲ್ಲವೂ ಹೊರಬರುವುದಿಲ್ಲ. ಲಾಲ್‌ಬಾಗಿನ ಬಂಡೆಯಲ್ಲಿ ಕಾಣುವ ಬಿಳಿಕಲ್ಲು ಬಹುಮಟ್ಟಿಗೆ ಸಿಲಿಕ ಹೆಚ್ಚಾದ ರಸವು ಆಳದಲ್ಲಿಯೇ ಗಟ್ಟಿಯಾಗಿ, ಅನಂತರ ಶಾಖ ಒತ್ತಡಗಳಿಂದ ಮಾರ್ಪಟ್ಟುದು. ಅದರ ವಯಸ್ಸು ೨೫೦ ಕೋಟಿ ವರ್ಷಗಳಿಗೂ ಮೇಲೆ. ೧೯೧೬ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಅವರು ಈ ಜಾತಿಯ ಶಿಲೆಗೆ ‘ಪೆನಿನ್ಸುಲರ್ ನೈಸ್’ ಎಂದು ಹೆಸರಿಟ್ಟರು. ಮುಂದೆ ಸುಮಾರು ೨೩೭ ಕೋಟಿ ವರ್ಷಗಳ ಹಿಂದೆ ತೆಳುವಾದ ಕರಿರಸವು ಈ ಬಂಡೆಯ ಬಿರುಕುಗಳಿಗೆ ನುಗ್ಗಿ ಅಲ್ಲಿಯೇ ಹೆಪ್ಪುಗಟ್ಟಿತು. ಹಾರೋಹಳ್ಳಿಯ ಕಡೆಯ ಕರಿಕಲ್ಲಿನ ಗೋಡೆಯು ಇಂಥದು. ರಸವು ತೆಳುವಾಗಿದ್ದುದರಿಂದಲೇ ಅದು ಕಿರಿದಾದ ಬಿರುಕುಗಳಲ್ಲಿ ಅಷ್ಟು ದೂರ ಸಾಗಲು ಸಾಧ್ಯವಾಯಿತು.

೭. ಹಿಡುವಳಿದಾರರು ಗಮನಿಸತಕ್ಕ ಅಂಶಗಳು.—

(ಅ) ಹೊಲದಲ್ಲಿ ಉರುಟಾದ ಕರಿಗುಂಡುಗಳು ಒಂದೇ ಸಾಲಿನಲ್ಲಿ ಬಹುದೂರ ಕಂಡುಬಂದರೆ, ಅಡಿಯಲ್ಲಿ ಕರಿಕಲ್ಲಿನ ಗೋಡೆ ಇದೆಯೆಂದು ಊಹಿಸಬಹುದು.

(ಆ) ಬಿರುಕಿಲ್ಲದ ಗೋಡೆಯು ಇಳಿಜಾರಿಗೆ ಅಡ್ಡವಾಗಿದ್ದರೆ, ಕೆರೆಯ ಏರಿಯಂತೆ ನೆಲದೊಳಗಿನ ನೀರನ್ನು ತಡೆಯುವುದು. ಅಂಥಲ್ಲಿ ಮೇಲ್ಗಡೆಯ ಭಾವಿಗೆ ನೀರು ನಿಲ್ಲುವ ಸಂಭವವು ಹೆಚ್ಚು. ಕೆಳಗಡೆಯ ಭಾವಿಗೆ ಕಡಿಮೆ.

(ಇ) ಗೋಡೆಯ ಗಟ್ಟಿ ಒಡಲಿನಲ್ಲಿ ಕೊರೆದರೆ ಹಣವು ವ್ಯರ್ಥವಾಗುವ ಸಂಭವವೇ ಹೆಚ್ಚು. ಎರಡು ಕಲ್ಲುಗಳು ಕೂಡುವ ಅಂಚು ಬಿರಿದಿದ್ದರೆ ಅಲ್ಲಿ ನೀರು ಸಿಕ್ಕಬಹುದು.

(ಈ) ಕಾರ್ಖಾನೆಯ ಕೊಳಕು ನೀರು ನೆಲಕ್ಕೆ ಇಂಗುವ ಕಡೆ ಅದೇ ಬಿರುಕುಗಳು ವಿಷವನ್ನೂ ಸಾಗಿಸಬಲ್ಲವು. ಅಂಥ ಭಾವಿಯ ನೀರನ್ನು ಪರೀಕ್ಷೆಮಾಡಿಸದೆ ಕುಡಿಯಲು ಬಳಸಬಾರದು.

ಸಾಲಮಾಡಿ ಕೊರೆಯಿಸಿದ ಭಾವಿಯು ಬತ್ತಿದರೆ ಕುಟುಂಬವೇ ಕುಗ್ಗುವುದು. ಆದುದರಿಂದ ಗ್ರಾಮದ ಮುಖಂಡರು ಊರಿನ ಎಲ್ಲೆಯಲ್ಲಿರುವ ಕರಿಕಲ್ಲಿನ ಸಾಲುಗಳನ್ನು ಗ್ರಾಮದ ನಕಾಶೆಯಲ್ಲಿ ಗುರುತುಮಾಡಿಸಿ, ಭಾವಿ ತೋಡಿಸುವವರಿಗೆ ತೋರಿಸುವುದೂ, ಕೊರೆಯುವ ಮುನ್ನ ಭೂವಿಜ್ಞಾನಿಗಳ ಸಲಹೆ ಪಡೆಯುವಂತೆ ಪ್ರೇರಿಸುವುದೂ ಊರಿಗೆ ಹಿತಕರವು.